ಸೋಮವಾರವೂ ಓಡಬೇಕಾದ ಜೀಪು

ಸಿಂಗಾನಲ್ಲೂರು ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ರಾಜ್‌ಕುಮಾರ್ ಅವರ ಹೆಸರಿನ ಮೊದಲ ಪದ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು ಎಂಬಲ್ಲಿನ ಆ ಊರು ಕೊಳ್ಳೇಗಾಲದ ಕಡೆಯದು. ಕೊಯಮತ್ತೂರಿನ ಸಿಂಗಾನಲ್ಲೂರೇ ಬೇರೆ: ತಿರುಚ್ಚಿ ರಸ್ತೆ, ಮದುರೆ ಕಡೆಗೆ ಬಸ್ಸು ಹೊರಡುವ ನಿಲ್ದಾಣ, ನೊಯ್ಯಲ್ ನೀರಿನ ಕೆರೆ, ಸುತ್ತಮುತ್ತ ಗಿರಣಿ, ಪಂಪ್‌ಸೆಟ್ಟು, ಲೇತುಗಳ ಸದ್ದು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಗೇ ಸೇರಿದ್ದರಿಂದ ಎರಡು ಸಿಂಗಾನಲ್ಲೂರುಗಳೂ ಒಬ್ಬನೇ ಕಲೆಕ್ಟರನ ಕೈಕೆಳಗಿದ್ದವು. ಈಗ ನಡುವೆ ರಾಜ್ಯದ ಗಡಿ ಬಂದಿದೆ. ಗಡಿಗಿಂತ ಗಟ್ಟಿಯಾಗಿ ದಿಂಬಂ ಘಾಟಿ ಕೂತಿದೆ. ಬಣ್ಣಾರಿ ಅಮ್ಮನ ಗುಡಿ ದಾಟಿದ ಮೇಲೆ 27 ಹೇರ್‌ಪಿನ್ ತಿರುವು.

ದಿನವೂ ಕೆಲಸಕ್ಕೆ ಓಡಬೇಕು, ರಜೆ ಬಂದರೆ ಕಲ್ಲು ಕೆಸರಿಗೂ ಇಳಿಯಬೇಕು ಎಂಬ ಆಸೆಯಿಂದ ಗಾಡಿ 'ಬಿಲ್ಡ್' ಮಾಡಿಸಲು ಹೊರಟವರಿಗೆ ಈ ದಾರಿಗಿಂತ ಒಳ್ಳೆಯ ಪ್ರಶ್ನೆಪತ್ರಿಕೆ ಸಿಗಲಾರದು. ಕೊಯಮತ್ತೂರಿನಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ದೇವಾಂಗ ಕುಟುಂಬಗಳು ತಲೆಮಾರುಗಳಿಂದ ಇವೆ. ಘಾಟಿಯ ಮೇಲಿನ ತಾಳವಾಡಿ ಸೀಮೆ ಈರೋಡು ಜಿಲ್ಲೆಗೆ ಸೇರಿದ್ದರೂ ಅಲ್ಲಿಯ ಮಾತು ಕನ್ನಡ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇರುವುದೂ ಅಲ್ಲೇ. ಈಗ ಒಂದು ಮನೆಯನ್ನು ಊಹಿಸಿಕೊಳ್ಳಿ. ಸಿಂಗಾನಲ್ಲೂರಿನಲ್ಲಿ ವಾಸ, ಪೀಳಮೇಡಿನಲ್ಲಿ ಕೆಲಸ, ಇಬ್ಬರು ಮಕ್ಕಳು, ಮಂಡಿನೋವಿನ ತಾಯಿ, ತಾಳವಾಡಿಯ ಆಚೆ ಎರಡೆಕರೆ ಹೊಲ. ಕೊಳ್ಳಲು ಆಗುವುದು ಒಂದೇ ಗಾಡಿ. ಐದು ದಿನ ಸಿಗ್ನಲ್ಲು, ಒಂದು ದಿನ ಘಾಟಿ, ಕೊನೆಯ ಎರಡು ಮೂರು ಕಿಲೋಮೀಟರ್ ಮಳೆ ಬಿದ್ದರೆ ಸಾರಿಸಿದ ನೆಲದಂತೆ ಜಾರುವ ಮಣ್ಣಿನ ದಾರಿ.

ಇಂಥ ಮನೆಯ ಯಜಮಾನ ಗ್ಯಾರೇಜಿಗೆ ಹೋದರೆ ಮಾತು ಶುರುವಾಗುವುದು ಲಿಫ್ಟ್ ಕಿಟ್‌ನಿಂದ. ಎರಡಿಂಚು ಎತ್ತರಿಸೋಣ, ದೊಡ್ಡ ಟೈರು ಹಾಕೋಣ, ಮುಂದೆ ಕಬ್ಬಿಣದ ಬಂಪರು, ಮೇಲೆ ಎಲ್ಇಡಿ ಪಟ್ಟಿ. ಫೋಟೊದಲ್ಲಿ ಗಾಡಿ ಹುಲಿಯಂತೆ ಕಾಣುತ್ತದೆ. ಸೋಮವಾರ ಬೆಳಿಗ್ಗೆ ತಾಯಿ ಅದನ್ನು ಹತ್ತುವುದು ಹೇಗೆ ಎಂದು ಕೇಳುವವರಿಲ್ಲ. ಯೋಜನೆ ಹಾಕಬೇಕಾದ್ದು ಅಲ್ಲಿಂದ, ಸೋಮವಾರದಿಂದ ಭಾನುವಾರದ ಕಡೆಗೆ. ನಮ್ಮಲ್ಲಿ ಬಹುತೇಕ ಗಾಡಿಗಳನ್ನು ಕಟ್ಟಿಸುವುದು ತಿರುಗುಮುರುಗಾಗಿ.

ಇದಕ್ಕೆ ಊರಿನ ಗುಣವೂ ಕಾರಣ. ಕೊಯಮತ್ತೂರಿನಲ್ಲಿ 'ಆಗೋದಿಲ್ಲ' ಎನ್ನುವ ವರ್ಕ್‌ಶಾಪು ಹುಡುಕುವುದು ಕಷ್ಟ. 1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ಒಂದೇ ಬಸ್ಸಿನಿಂದ ಶುರುಮಾಡಿ ಸಾರಿಗೆ ಸಂಸ್ಥೆಯನ್ನೇ ಕಟ್ಟಿದ ಜಿ.ಡಿ. ನಾಯ್ಡು ಅವರ ಊರಿದು. ಮಾರುತಿ 800ರ ಎಂಜಿನ್ ಹಿಡಿದು ರೇಸು ಕಾರು ಮಾಡಿದ ಕರಿವರ್ಧನ್ ಅವರ ಊರೂ ಇದೇ. ಚೆಟ್ಟಿಪಾಳಯಂನ ಕರಿ ಮೋಟಾರ್ ಸ್ಪೀಡ್‌ವೇಗೆ ಅವರದೇ ಹೆಸರು. ಬೇಕಾದ ಬುಷ್ಷು ಸಂಜೆಯೊಳಗೆ ಕಡೆದು ಕೊಡುವ ಕೈಗಳು ಇಲ್ಲಿ ಬೀದಿಗೊಂದು. ಕರಿವರ್ಧನ್ ಕಟ್ಟಿದ್ದು ಟ್ರ್ಯಾಕಿನ ಗಾಡಿ. ಅದು ಶಾಲೆಯ ಗೇಟಿನ ಮುಂದೆ ನಿಲ್ಲಬೇಕಾಗಿರಲಿಲ್ಲ, ವರ್ಷಕ್ಕೊಮ್ಮೆ ವಿಮೆಯವರಿಗೆ ಮುಖ ತೋರಿಸಬೇಕಾಗಿರಲಿಲ್ಲ. ಏನು ಬೇಕಾದರೂ ಮಾಡಿಕೊಡುವ ಊರಿನಲ್ಲಿ ಏನು ಬೇಡ ಎಂದು ಗಿರಾಕಿಯೇ ತೀರ್ಮಾನಿಸಿಕೊಂಡು ಹೋಗಬೇಕು.

ಕೆಸರಿನಲ್ಲಿ ದಿನವೂ ಓಡುವ ಗಾಡಿ ಹೇಗಿರುತ್ತದೆ ಎಂದು ನೋಡಲು ಕೊಡಚಾದ್ರಿಗೆ ಹೋಗಬೇಕು. ಕೊಲ್ಲೂರಿನ ಮೂಕಾಂಬಿಕೆಯ ಭಕ್ತರನ್ನೂ ಚಾರಣಿಗರನ್ನೂ 1,343 ಮೀಟರಿನ ಆ ಬೆಟ್ಟಕ್ಕೆ ಏರಿಸುವ ಬಾಡಿಗೆ ಜೀಪುಗಳು ನೋಡಲು ಬಡಕಲು. ಹಳೆಯ ಮಹೀಂದ್ರಾ, ನಾಲ್ಕೂ ಚಕ್ರಕ್ಕೆ ಪ್ಲೇಟು ಕಮಾನು, ತೆಳು ಟೈರು, ಕಿತ್ತು ಹೋದ ಬಣ್ಣ. ಲಿಫ್ಟ್ ಇಲ್ಲ, ಕೊಂಬಿನ ಬಂಪರಿಲ್ಲ. ಒಂದು ಚಕ್ರ ಕಲ್ಲಿನ ಮೇಲೆ, ಇನ್ನೊಂದು ಕೊರಕಲಿನ ಒಳಗೆ, ಒಳಗೆ ಕೂತ ಎಂಟು ಜನರ ಮೊಣಕೈ ಒಬ್ಬರದೊಬ್ಬರಿಗೆ ತಾಗುತ್ತಿದ್ದರೂ ಚಾಲಕ ಒಂದು ಕೈಯನ್ನು ಗೇರಿನ ಮೇಲಿಟ್ಟು ಪಕ್ಕದವನ ಊರು ವಿಚಾರಿಸುತ್ತಿರುತ್ತಾನೆ. ಆಕ್ಸಲರೇಟರ್ ತುಳಿದು ಹಾರಿಸುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಹಾರಿಸಿದರೆ ಕಮಾನು ಮುರಿಯುತ್ತದೆ, ಕಮಾನು ಮುರಿದರೆ ನಾಳಿನ ಬಾಡಿಗೆ ಹೋಗುತ್ತದೆ. ಅದಕ್ಕೇ ಲೋ ಗೇರಿನಲ್ಲಿ ಎತ್ತಿನ ಗಾಡಿಯ ನಡಿಗೆ. ಮಲೆನಾಡು, ಕೊಡಗಿನ ತೋಟದ ಜೀಪುಗಳದ್ದೂ ಇದೇ ಕಥೆ: ಮಳೆಗಾಲದಲ್ಲಿ ಹಿಂದಿನ ಚಕ್ರಕ್ಕೆ ಕಬ್ಬಿಣದ ಚೈನು ಸುತ್ತಿ, ಆಳುಗಳನ್ನೂ ಗೊಬ್ಬರದ ಚೀಲವನ್ನೂ ಹೊತ್ತು, ಅದೇ ಗಾಡಿ ಸಂಜೆ ಸಂತೆಗೂ ಬರುತ್ತದೆ. ದಿನಬಳಕೆಗೂ ಕೆಸರಿಗೂ ಒಂದೇ ಗಾಡಿ ಎಂಬ ಲೆಕ್ಕವನ್ನು ಬಿಡಿಸಿದವರು ಇವರು, ಅದೂ ಚೈನೊಂದನ್ನು ಬಿಟ್ಟು ಅಂಗಡಿಯಿಂದ ಬೇರೇನನ್ನೂ ತಂದು ಜೋಡಿಸದೆ. ಸುಖ ಮಾತ್ರ ಇಲ್ಲ. ಸೊಂಟ ಹಿಡಿದುಕೊಂಡು ಇಳಿಯಬೇಕು.

ಆ ಸುಖವನ್ನೂ ಸೇರಿಸಿಕೊಂಡ ಗಾಡಿಗಳು ಈಗ ಕಾರ್ಖಾನೆಯಿಂದಲೇ ಬರುತ್ತಿವೆ. 1985ರ ಕೊನೆಯಲ್ಲಿ ಬಂದ ಮಾರುತಿ ಜಿಪ್ಸಿಗೆ ನಾಲ್ಕೂ ಕಡೆ ಪ್ಲೇಟು ಕಮಾನು; ಅದರ ಹಿಂದಿನ ಸೀಟಿನಲ್ಲಿ ಒಮ್ಮೆ ಕೂತವರು ಮರೆಯುವುದಿಲ್ಲ. 2020ರ ಅಕ್ಟೋಬರಿನಲ್ಲಿ ಬಂದ ಹೊಸ ಥಾರ್‌ಗೆ ಮುಂದೆ ಎರಡೂ ಚಕ್ರ ಸ್ವತಂತ್ರವಾಗಿ ಆಡುವ ಸಸ್ಪೆನ್ಷನ್, ನೆಲದಿಂದ 226 ಮಿ.ಮೀ. ಎತ್ತರ, 650 ಮಿ.ಮೀ. ಆಳದ ನೀರು ದಾಟಬಲ್ಲ ಮೈಕಟ್ಟು. 2023ರ ಜೂನ್‌ನಲ್ಲಿ ಬಂದ ಐದು ಬಾಗಿಲಿನ ಜಿಮ್ನಿಗೆ 210 ಮಿ.ಮೀ. ಎತ್ತರ, ಸುಮಾರು 1,200 ಕೆ.ಜಿ. ತೂಕ, ಮುಂದೂ ಹಿಂದೂ ಗಟ್ಟಿ ಆಕ್ಸಲ್, ಆದರೆ ಕಾಯಿಲ್ ಸ್ಪ್ರಿಂಗು. ಫೋರ್ಸ್ ಗೂರ್ಖಾಕ್ಕಂತೂ ಮುಂದೂ ಹಿಂದೂ ಡಿಫರೆನ್ಷಿಯಲ್ ಲಾಕು, ಗಾಳಿ ಎಳೆಯುವ ಸ್ನಾರ್ಕೆಲ್ಲು ಕಂಪನಿಯಿಂದಲೇ. ಷೋರೂಮಿನಿಂದ ಹೊರಬಂದ ಸ್ಥಿತಿಯಲ್ಲೇ ಇವು ಮೂರೂ ತಾಳವಾಡಿಯ ಹೊಲ ಮುಟ್ಟುತ್ತವೆ. ಬಿಲ್ಡ್ ಎಂಬುದರ ಮುಕ್ಕಾಲು ಪಾಲು ಸರಿಯಾದ ಗಾಡಿಯನ್ನು ಆರಿಸಿಕೊಳ್ಳುವಲ್ಲೇ ಮುಗಿದಿರುತ್ತದೆ.

ಉಳಿದ ಕಾಲು ಪಾಲಿನಲ್ಲಿ ಮೊದಲ ಹಣ ಟೈರಿಗೆ. ಅದರಲ್ಲೂ ಎಡವುವವರೇ ಹೆಚ್ಚು. ಜಿಮ್ನಿಗೆ ಕಂಪನಿ ಕೊಡುವುದು 195/80 ಆರ್15. ಇದರ ಎತ್ತರ ಲೆಕ್ಕ ಹಾಕಿದರೆ 693 ಮಿ.ಮೀ. ಗ್ಯಾರೇಜಿನವರು ಆಸೆ ಹುಟ್ಟಿಸುವ 235/75 ಆರ್15ರದು 733. ಎತ್ತರ 40 ಮಿ.ಮೀ. ಜಾಸ್ತಿಯಾದರೂ ಗಾಡಿಯ ಹೊಟ್ಟೆ ನೆಲದಿಂದ ಮೇಲೇಳುವುದು ಅದರ ಅರ್ಧ, 20 ಮಿ.ಮೀ. ಮಾತ್ರ, ಎರಡು ಬೆರಳಿನಷ್ಟೂ ಅಲ್ಲ. ಅದಕ್ಕೆ ತೆರುವ ಬೆಲೆಯನ್ನೂ ನೋಡಬೇಕು. ಚಕ್ರದ ಸುತ್ತಳತೆ ಶೇ 6ರ ಹತ್ತಿರ ಹೆಚ್ಚುವುದರಿಂದ ಮೀಟರಿನಲ್ಲಿ 100 ತೋರಿದಾಗ ಗಾಡಿ ಸುಮಾರು 106ರಲ್ಲಿ ಓಡುತ್ತಿರುತ್ತದೆ. ಎಲ್ಲ ಗೇರುಗಳೂ ಅಷ್ಟೇ ಪಾಲು ಭಾರವಾಗುತ್ತವೆ. ನೂರೈದು ಕುದುರೆಯ ಆ ಚಿಕ್ಕ ಎಂಜಿನ್ನು ದಿಂಬಂ ಏರುವಾಗ ಎರಡನೆಯ ಗೇರಿಗೇ ಅಂಟಿಕೊಳ್ಳುತ್ತದೆ. ಬ್ರೇಕು ಮಾತ್ರ ಹಳೆಯದೇ. ಮರೆತುಹೋಗುವ ಇನ್ನೊಂದು: ಸ್ಟೆಪ್ನಿ ಹಿಂದಿನ ಬಾಗಿಲಿಗೆ ತೂಗುತ್ತದೆ. ಭಾರದ ಟೈರು ಅಲ್ಲಿಗೆ ಬಂದರೆ ಕೆಲವೇ ತಿಂಗಳಲ್ಲಿ ಬಾಗಿಲು ಕೀಲಿನಲ್ಲಿ ಇಳಿಬಿದ್ದು, ಪ್ರತಿ ಹಂಪಿನಲ್ಲೂ ಕಟಕಟ ಎನ್ನಲು ಶುರುಮಾಡುತ್ತದೆ. ಅದೇ 215/75 ಆರ್15 ಹಾಕಿದರೆ ವ್ಯತ್ಯಾಸ ಶೇ 1.5, ಗಾಡಿಗೆ ಗೊತ್ತೇ ಆಗುವುದಿಲ್ಲ.

ಅಳತೆಗಿಂತ ಮುಖ್ಯ ಟೈರಿನ ಜಾತಿ. ಕೆಸರಿಗೆಂದೇ ಮಾಡಿದ ದಪ್ಪ ಗುಬ್ಬಿಯ ಮಡ್ ಟೆರೇನ್ ಟೈರು ಕೆಸರನ್ನು ಎಸೆಯುತ್ತದೆ, ನಿಜ. ತಿರುಚ್ಚಿ ರಸ್ತೆಯಲ್ಲಿ ಅದೇ ಟೈರು ಜೇನುಗೂಡಿನಂತೆ ಗುಂಯ್‌ಗುಡುತ್ತದೆ. ಮಳೆಯಲ್ಲಿ ನೆನೆದ ಡಾಂಬರಿನ ಮೇಲೆ ಬ್ರೇಕು ಹಿಡಿದರೆ ನಿಲ್ಲಲು ಹೆಚ್ಚು ದೂರ ಬೇಕು. ಐದು ದಿನದ ಡಾಂಬರಿಗೂ ಒಂದು ದಿನದ ಮಣ್ಣಿಗೂ ಹೊಂದುವುದು ಆಲ್ ಟೆರೇನ್. ರಿಮ್ಮಿನಲ್ಲೂ ಒಂದು ತಮಾಷೆಯಿದೆ. ಥಾರ್‌ನ ದುಬಾರಿ ಆವೃತ್ತಿಗೆ 255/65 ಆರ್18, ಅಗ್ಗದ್ದಕ್ಕೆ 245/75 ಆರ್16. ಅಗ್ಗದ ಟೈರಿನ ಗೋಡೆ 184 ಮಿ.ಮೀ., ದುಬಾರಿಯದು 166. ಕಲ್ಲಿನ ಮೇಲೆ ಬಾಗಿ ಹಿಡಿಯುವುದು ಆ ಗೋಡೆಯೇ ಆದ್ದರಿಂದ ಕಾಡುದಾರಿಯಲ್ಲಿ ಬಡವನ ಟೈರೇ ಮೇಲು. ಚಂದಕ್ಕೆಂದು ಹದಿನಾರಿಂದ ಹದಿನೆಂಟಕ್ಕೆ ಏರುವವರು ದುಡ್ಡು ಕೊಟ್ಟು ಹಿಂದಕ್ಕೆ ಹೋಗುತ್ತಾರೆ.

ಎರಡನೆಯ ಖರ್ಚು ಟೈರಿಗಿಂತ ಎಷ್ಟೋ ಕಡಿಮೆ: ಗಾಳಿ ಅಳೆಯುವ ಗೇಜು, ಬ್ಯಾಟರಿಗೆ ಸಿಕ್ಕಿಸುವ ಚಿಕ್ಕ ಕಂಪ್ರೆಸರ್. 30 ಪಿಎಸ್‌ಐ ಇರುವ ಟೈರನ್ನು 18ಕ್ಕೆ ಇಳಿಸಿದರೆ ಅದು ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತದೆ. ಚೂಪು ಕಲ್ಲನ್ನು ಒತ್ತುವ ಬದಲು ಅಪ್ಪುತ್ತದೆ, ಕೆಸರಿನಲ್ಲಿ ಇಳಿಯುವ ಬದಲು ತೇಲುತ್ತದೆ. ಲಿಫ್ಟ್ ಕಿಟ್ ಕೊಡಲಾರದ ಹಿಡಿತವನ್ನು ಬಿಟ್ಟಿ ಗಾಳಿ ಕೊಡುತ್ತದೆ. 15ಕ್ಕಿಂತ ಕೆಳಗಿಳಿದರೆ ಮಾತ್ರ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಭಯ. ಇಷ್ಟು ಆದಮೇಲೆ ಹೊಟ್ಟೆಯಡಿಯ ರಕ್ಷಣಾ ತಗಡು, ಚಾಸಿಗೆ ಸರಿಯಾಗಿ ಬೋಲ್ಟಾದ ಎಳೆಯುವ ಕೊಕ್ಕೆ, ಹಿಗ್ಗುವ ಹಗ್ಗ. ಟೋಯಿಂಗ್ ಗುಂಡಿಗೆ ಹಗ್ಗ ಸಿಕ್ಕಿಸಿ ಜರ್ಕು ಹೊಡೆಸುವುದು ಆಫ್‌ರೋಡಿನ ಅತಿ ಅಪಾಯದ ಕೆಲಸ. ಕಿತ್ತುಬಂದ ಗುಂಡು ಹಗ್ಗದ ತುದಿಯಲ್ಲಿ ಕವಣೆ ಕಲ್ಲಾಗಿ ಎದುರು ಗಾಡಿಯ ಗಾಜಿಗೆ ಹಾರುತ್ತದೆ.

ಇನ್ನು ಲಿಫ್ಟ್. ಗಟ್ಟಿ ಆಕ್ಸಲಿನ ಗಾಡಿಯನ್ನು 50 ಮಿ.ಮೀ. ಎತ್ತರಿಸಿದರೆ ಮುಂಚಕ್ರದ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವುದು ಆ ಕೋನದಿಂದ. ಅದು ಹೋದರೆ 80ರ ವೇಗದಲ್ಲಿ ಗಾಡಿ ದಾರಿ ಹುಡುಕಲು ಶುರುಮಾಡುತ್ತದೆ. ಆಕ್ಸಲನ್ನು ನಡುವಿನಲ್ಲಿ ಹಿಡಿದಿಡುವ ಪಾನ್‌ಹಾರ್ಡ್ ರಾಡು ಅದನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ, ಬ್ರೇಕಿನ ಹೋಸು ಬಿಗಿಯುತ್ತದೆ, ಪ್ರೊಪೆಲ್ಲರ್ ಶಾಫ್ಟು ಓರೆಯಾಗಿ ನಡುಗುತ್ತದೆ. ಥಾರ್‌ನಂಥ ಸ್ವತಂತ್ರ ಸಸ್ಪೆನ್ಷನ್ನಿನಲ್ಲಿ ಮುಂದಿನ ಆಕ್ಸಲಿನ ಕೀಲುಗಳು ಬಾಗಬೇಕಾದ್ದಕ್ಕಿಂತ ಹೆಚ್ಚು ಬಾಗಿ ಬೂಟು ಹರಿಯುತ್ತದೆ. ಪ್ರತಿಯೊಂದಕ್ಕೂ ಪರಿಹಾರ ಉಂಟು, ಪ್ರತಿ ಪರಿಹಾರಕ್ಕೂ ಒಂದು ಬಿಲ್ಲು ಉಂಟು. ಎಲ್ಲವನ್ನೂ ಸರಿಮಾಡಿಸದೆ ಸ್ಪ್ರಿಂಗು ಮಾತ್ರ ಬದಲಿಸಿದ ಗಾಡಿಯಲ್ಲಿ ಮಕ್ಕಳನ್ನು ಶಾಲೆಗೆ ಬಿಡುವುದು ಸಾಹಸವಲ್ಲ, ಉಡಾಫೆ.

ಕಾನೂನು ಏನೆನ್ನುತ್ತದೆ ಎಂಬುದನ್ನು ಗ್ಯಾರೇಜಿನವರು ಹೇಳುವುದು ಕಡಿಮೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ಸೇರಿಸಿತು. ಮುಂದಿನ ಕಬ್ಬಿಣದ ಕೊಂಬಿನ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಪತ್ರ ಬರೆದಿತ್ತು. ಅದು ಸರಿಯೇ. ಗುದ್ದಿದಾಗ ನಜ್ಜಾಗಿ ಪೆಟ್ಟು ನುಂಗಬೇಕಾದ ಮೂತಿಗೆ ಕಬ್ಬಿಣ ಕಟ್ಟಿದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಹೊತ್ತು ತಪ್ಪುತ್ತದೆ, ಎದುರಿಗೆ ಸಿಕ್ಕ ಪಾದಚಾರಿಯ ಗತಿ ಕೇಳುವುದೇ ಬೇಡ.

ಆದರೆ ಈ ಕಾನೂನಿನಲ್ಲಿ ಜಾಳು ಕಡಿಮೆಯಿಲ್ಲ. ಗೂರ್ಖಾದ ಸ್ನಾರ್ಕೆಲ್ಲು ಕಂಪನಿಯದಾದ್ದರಿಂದ ಸಕ್ರಮ. ಅಂಥದೇ ಕೊಳವೆಯನ್ನು ಬೇರೆ ಗಾಡಿಗೆ ಹೊರಗಿನಿಂದ ಹಾಕಿಸಿದರೆ ಪೊಲೀಸರಿಗೂ ವಿಮೆಯವರಿಗೂ ಒಂದು ನೆಪ. 10 ಮಿ.ಮೀ. ದೊಡ್ಡ ಟೈರು ಹಾಕಿದವನೂ ಚಾಸಿ ಕತ್ತರಿಸಿದವನೂ ಕಾನೂನಿನ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಇತ್ತ ಕಿಟ್ಟುಗಳು ರಾಜಾರೋಷವಾಗಿ ಮಾರಾಟವಾಗುತ್ತವೆ, ಜಿಎಸ್‌ಟಿ ಬಿಲ್ಲೂ ಸಿಗುತ್ತದೆ, ಸಿಕ್ಕಿಬೀಳುವುದು ಕೊಂಡವನು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಸಸ್ಪೆನ್ಷನ್ನಿನಿಂದ 50, ಟೈರಿನಿಂದ 25, ಹೀಗೆ ಒಟ್ಟು 75 ಮಿ.ಮೀ. ಎತ್ತರಿಸಲು ಪ್ರಮಾಣಪತ್ರ ಬೇಡ. ಅದನ್ನು ದಾಟಿದರೆ ಅಧಿಕೃತ ತಜ್ಞರ ಸಹಿ ಬೇಕು. ಕೆಲಸ ಬಲ್ಲ ಕೈಗಳೂ ಎಂಜಿನಿಯರಿಂಗ್ ಕಾಲೇಜುಗಳೂ ತುಂಬಿರುವ ಕೊಯಮತ್ತೂರು, ಬೆಂಗಳೂರಿನಂಥ ಊರುಗಳಲ್ಲಿ ಇಂಥ ಪರೀಕ್ಷಾ ವ್ಯವಸ್ಥೆ ಕಟ್ಟುವುದು ಅಸಾಧ್ಯವೇನಲ್ಲ. ಟೈರಿನ ಸಣ್ಣ ವ್ಯತ್ಯಾಸ, ಹೊಟ್ಟೆಯಡಿಯ ತಗಡು, ಎಳೆಯುವ ಕೊಕ್ಕೆ, ಇಷ್ಟಕ್ಕಾದರೂ ಕೇಂದ್ರ ಸಚಿವಾಲಯ ಒಂದು ಪಟ್ಟಿ ಮಾಡಿ ಆರ್‌ಸಿಯಲ್ಲಿ ದಾಖಲಿಸಿಕೊಳ್ಳಬೇಕು. ಅಲ್ಲಿಯವರೆಗೆ ಬಾಗಿಲಿನ ಒಳಗಂಚಿನಲ್ಲಿ ಅಂಟಿಸಿರುವ ಟೈರಿನ ಚೀಟಿಯನ್ನು ದಾಟದಿರುವುದೇ ಕ್ಷೇಮ. ಜಿಮ್ನಿಗೆ ಆ 215 ಕೂಡ ಚೀಟಿಯ ಆಚೆಯದೇ.

ಎಲ್ಇಡಿ ಪಟ್ಟಿಯ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ. ಘಾಟಿಯ ತಿರುವಿನಲ್ಲಿ ಎದುರು ಬರುವ ಬಸ್ಸಿನ ಚಾಲಕನಿಗೆ ಎರಡು ಕ್ಷಣ ಕಣ್ಣು ಕತ್ತಲಾದರೆ ಸಾಕು. ದಿಂಬಂ, ಹಾಸನೂರು ಇರುವುದು 2013ರಲ್ಲಿ ಘೋಷಿತವಾದ ಸತ್ಯಮಂಗಲ ಹುಲಿ ಮೀಸಲಿನೊಳಗೆ. ಕಾರಪಳ್ಳಂ ಹತ್ತಿರ ಕಬ್ಬಿನ ಲಾರಿಗಳನ್ನು ಅಡ್ಡಗಟ್ಟಿ ಜಲ್ಲೆ ಎಳೆದುಕೊಳ್ಳುವ ಆನೆಗಳು ಆ ದಾರಿಯ ಖಾಯಂ ನಿವಾಸಿಗಳು. ಅವುಗಳ ಮುಖಕ್ಕೆ ಹಗಲಿನಂಥ ಬೆಳಕು ಚೆಲ್ಲಿ ಹಾರ್ನು ಒತ್ತುವವರಿಗೆ ಗಾಡಿಯಲ್ಲಿ ಎಷ್ಟು ಇಂಚು ಲಿಫ್ಟ್ ಇದ್ದರೂ ಸಾಲದು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಆ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ರಸ್ತೆ ಬಿಟ್ಟು ಕಾಡಿಗಿಳಿಯುವುದಂತೂ ನೇರ ಅಪರಾಧ. ಈ ಸೀಮೆಯಲ್ಲಿ ಆಫ್‌ರೋಡ್ ಎಂದರೆ ಹೊಲದ ಬದು, ಪಂಚಾಯ್ತಿಯ ಮಣ್ಣುದಾರಿ, ಮಾಲೀಕರು ಒಪ್ಪಿದ ತೋಟ, ಅಷ್ಟೆ.

ನೀರಿನ ಬಗ್ಗೆಯೂ ಒಂದು ಮಾತು. ಕೊಯಮತ್ತೂರಿನವರಿಗೆ ಆಳದ ನೀರು ಎದುರಾಗುವುದು ಹೊಳೆಯಲ್ಲಲ್ಲ. ದೊಡ್ಡ ಮಳೆಯ ಸಂಜೆ ಲಂಕಾ ಕಾರ್ನರಿನಂಥ ರೈಲ್ವೆ ಸೇತುವೆಗಳ ಕೆಳಗೆ. 650 ಮಿ.ಮೀ. ಎಂದು ಕಂಪನಿ ಬರೆದಿದೆ ಎಂದು ನುಗ್ಗುವವರು ಆ ಕಲಕು ನೀರಿನ ಕೆಳಗೆ ಮುಚ್ಚಳವಿಲ್ಲದ ಚರಂಡಿ ಇದೆಯೇ ಎಂದು ಕಂಪನಿಯನ್ನು ಕೇಳಿರುವುದಿಲ್ಲ.

ಇಷ್ಟೆಲ್ಲದರ ನಡುವೆ ಯಾರೂ ದುಡ್ಡು ಹಾಕದ ಭಾಗ ಚಾಲಕ. ಇಗತ್‌ಪುರಿಯಲ್ಲಿ ಮಹೀಂದ್ರಾದವರ ಆಫ್‌ರೋಡ್ ತರಬೇತಿ ಕೇಂದ್ರವಿದೆ; ಅಲ್ಲಿಗೆ ಹೋಗಿ ಬರುವ ಖರ್ಚು ಒಳ್ಳೆಯ ಲಿಫ್ಟ್ ಕಿಟ್ಟಿನ ಬೆಲೆ ಮುಟ್ಟುವುದಿಲ್ಲ. ದೂರವಾದರೆ ಮಲೆನಾಡಿನ ಹಳೆಯ ಜೀಪಿನವರ ಪಕ್ಕದಲ್ಲಿ ಎರಡು ದಿನ ಕೂತರೂ ಆದೀತು. ಫೋರ್ ವೀಲ್ ಯಾವಾಗ ಹಾಕಬೇಕು ಎನ್ನುವುದಕ್ಕಿಂತ ಯಾವಾಗ ಹಾಕಬಾರದು ಎಂಬುದನ್ನು ಅವರು ಚೆನ್ನಾಗಿ ಬಲ್ಲರು. ಒಣ ಡಾಂಬರಿನ ಹೇರ್‌ಪಿನ್ನಿನಲ್ಲಿ ಫೋರ್ ಹೈ ಹಾಕಿದರೆ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸುತ್ತಬೇಕಾಗುತ್ತದೆ. ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿದ ಗೇರು ಪೆಟ್ಟಿಗೆ ತಿರುಚಿಕೊಂಡು ನರಳುತ್ತದೆ. ಥಾರ್, ಜಿಮ್ನಿ, ಗೂರ್ಖಾ ಮೂರಕ್ಕೂ ಇದು ಅನ್ವಯ. ದಿಂಬಂ ಇಳಿಯಲು ಟೂ ವೀಲ್, ಎರಡನೆಯ ಗೇರು, ಬ್ರೇಕಿನ ಮೇಲೆ ಹಗುರ ಕಾಲು ಸಾಕು.

ತಾಳವಾಡಿಯ ಹೊಲದಿಂದ ಮರಳುವಾಗ ಮಣ್ಣು ಮುಗಿದು ಡಾಂಬರು ಶುರುವಾಗುವಲ್ಲಿ ಗಾಡಿ ನಿಲ್ಲಿಸಬೇಕು. ವಾಲ್ವಿನ ಮುಚ್ಚಳಗಳನ್ನು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಳ್ಳಬೇಕು. ಬಾನೆಟ್ಟಿನ ಮೇಲಿಟ್ಟರೆ ಒಂದಾದರೂ ಹುಲ್ಲಿಗೆ ಉರುಳುತ್ತದೆ. ಹದಿನೆಂಟಕ್ಕೆ ಇಳಿಸಿದ ಗಾಳಿಯಲ್ಲಿ ಹಾಗೇ ಓಡಿಸಿದರೆ ಟೈರಿನ ಗೋಡೆ ಮಡಿಸಿ ಮಡಿಸಿ ಕಾಯುತ್ತದೆ, ಸತ್ಯಮಂಗಲ ತಲುಪುವ ಮೊದಲೇ ಬಿರಿಯಬಹುದು. ಚಿಕ್ಕ ಕಂಪ್ರೆಸರಿಗೆ ಒಂದೊಂದು ಟೈರಿಗೂ ಮೂರ್ನಾಲ್ಕು ನಿಮಿಷ ಹಿಡಿಯುತ್ತದೆ. ಮಕ್ಕಳಿಗೆ ಗೇಜು ಕೊಟ್ಟರೆ ಮುಳ್ಳು ಮೂವತ್ತಕ್ಕೆ ಬಂತೇ ಎಂದು ಪ್ರತಿ ಚಕ್ರಕ್ಕೂ ಜಗಳವಾಡುತ್ತಾರೆ. ನಾಲ್ಕನೆಯದು ಮುಗಿಯುವ ಹೊತ್ತಿಗೆ ಹಾಸನೂರಿನ ಮರಗಳ ನೆರಳು ರಸ್ತೆಗೆ ಬಿದ್ದಿರುತ್ತದೆ. ಬಣ್ಣಾರಿ ಚೆಕ್‌ಪೋಸ್ಟು ದಾಟಲು ಇನ್ನೂ 27 ತಿರುವು ಉಳಿದಿರುತ್ತವೆ.